ಕೆಟ್ಟೆ ಅಂದನೋ, ಬಿಟ್ಟೆ ಅಂದನೋ

ನನ್ನ ಗಂಡನ ದನಿಯನ್ನು ಗುರುತಿಸಿಕೊಡಬೇಕು ಎಂದು ವಾಯುಪಡೆಯ ತನಿಖಾಧಿಕಾರಿ ಫೋನ್ ಮಾಡಿದಾಗ ನನಗೆ ಮೊದಲು ಬಂದದ್ದು ಸಿಟ್ಟು. ಮನುಷ್ಯ ಸತ್ತು ಇಷ್ಟು ವರ್ಷವಾದ ಮೇಲೆ ಇವರಿಗೆ ಜ್ಞಾನೋದಯವಾಯಿತಲ್ಲ ಎಂದುಕೊಂಡೆ. ಆದರೂ ಹೋದೆ. ಹೋಗದಿದ್ದರೆ ನಿದ್ದೆ ಬರುತ್ತಿರಲಿಲ್ಲ, ನನ್ನ ಬುದ್ಧಿ ನನಗೆ ಗೊತ್ತು.

ನಮ್ಮವರು ಹೊಸಬರಿಗೆ ವಿಮಾನ ಹಾರಿಸುವುದನ್ನು ಕಲಿಸುತ್ತಿದ್ದರು. ಕಲಿಕೆಯ ಆ ವಿಮಾನಕ್ಕೆ ದಪ್ಪ ಹೊಟ್ಟೆ, ಗಿಡ್ಡ ಮೂತಿ. ಎಲ್ಲರೂ ಬಾತುಕೋಳಿ ಎನ್ನುತ್ತಿದ್ದರು. ಮುಂದಿನ ಸೀಟಿನಲ್ಲಿ ಶಿಷ್ಯ, ಹಿಂದೆ ಗುರು. ಅದಕ್ಕೊಂದು ಕೆಟ್ಟ ಚಾಳಿಯಿತ್ತು. ವೇಗ ತೀರಾ ತಗ್ಗಿದರೆ ಬುಗುರಿಯ ಹಾಗೆ ಗಿರಗಿರ ಸುತ್ತುತ್ತಾ ಬೀಳುವುದು. ಆಗ ಗಾಬರಿಯಾಗಿ ವಿಮಾನ ನಡೆಸುವ ಕೋಲು ಹಿಡಿದು ಜಗ್ಗಾಡಬಾರದು, ಎರಡೂ ಕೈ ಬಿಟ್ಟು ಕೂತರೆ ತಾನಾಗಿಯೇ ನೆಟ್ಟಗಾಗುತ್ತದೆ ಎಂದು ವಾಯುಪಡೆಯ ಪುಸ್ತಕದಲ್ಲಿ ಬರೆದಿತ್ತು. ಊಟಕ್ಕೆ ಕೂತಾಗಲೂ ಚಮಚ ಹಿಡಿದು ನನಗೆ ಅದೇ ಪಾಠ.

"ಕೈ ಬಿಡಬೇಕು ಕಣೇ. ಅದೇ ಕಷ್ಟ."

"ನನ್ನ ಕೈ ಒಂದು ಬಿಡಬೇಡಿ, ಸಾಕು," ಎಂದು ನಾನು ರೇಗಿಸುತ್ತಿದ್ದೆ.

ಒಂದು ಬೆಳಿಗ್ಗೆ ಬಾತುಕೋಳಿ ಅವರನ್ನೂ ಒಬ್ಬ ಶಿಷ್ಯನನ್ನೂ ಹೊತ್ತುಕೊಂಡು ಹೊಲವೊಂದಕ್ಕೆ ಬಿತ್ತು. ಇಬ್ಬರೂ ಉಳಿಯಲಿಲ್ಲ. ಗುರು ಕೈ ಬಿಡು ಎಂದರೂ ಶಿಷ್ಯ ಹೆದರಿ "ಕೆಟ್ಟೆ ಸರ್" ಎನ್ನುತ್ತಾ ಕೋಲನ್ನು ಹಿಡಿದೇ ಇದ್ದ ಎಂದು, ವಿಮಾನದ ಗದ್ದಲ ತುಂಬಿದ ಟೇಪು ಕೇಳಿ, ತನಿಖೆಯಲ್ಲಿ ತೀರ್ಮಾನಿಸಿದರು. ಮುಂಚೆಯೂ ಆಮೇಲೂ ಅದೇ ಜಾತಿಯ ವಿಮಾನಗಳು ಹಾಗೆಯೇ ಬಿದ್ದವು, ಪ್ರತಿಸಲವೂ ತಪ್ಪು ಕಲಿಯುವವನ ತಲೆಗೇ ಬಂತು. ಸುಳ್ಳು ಯಾಕೆ ಹೇಳಲಿ, ನನಗೆ ಅದರಿಂದ ಸಮಾಧಾನವಿತ್ತು. ಶಪಿಸಲು ಒಬ್ಬ ಸಿಕ್ಕಿದ್ದ. ಅವನೋ, ನನ್ನನ್ನು ಅಕ್ಕಾ ಎಂದು ಕರೆದು, ನಮ್ಮ ಮನೆಯಲ್ಲಿ ಎರಡೆರಡು ಸಲ ಬಡಿಸಿಕೊಂಡು ಉಂಡವನು. ಅವನ ತಾಯಿಯ ಹೊಲಿಗೆ ಅಂಗಡಿಯಿದ್ದ ಬೀದಿಯಲ್ಲಿ ನಾನು ಓಡಾಡುವುದನ್ನೇ ನಿಲ್ಲಿಸಿದೆ.

ತನಿಖಾಧಿಕಾರಿಗೆ ನನ್ನ ಮಗನಷ್ಟು ವಯಸ್ಸು. ಅವನ ಕೋಣೆಯಲ್ಲಿ ಒಂದು ಮೇಜು, ಎರಡು ಕುರ್ಚಿ, ಒಂದು ಕಂಪ್ಯೂಟರ್.

"ಅಮ್ಮಾ, ಮೊನ್ನೆ ಒಂದು ಬಾತುಕೋಳಿ ಸುತ್ತಿಕೊಂಡು ಬೀಳ್ತಾ ಇದ್ದದ್ದು ಎದ್ದು ಬಂತು," ಎಂದ. "ಅದರಲ್ಲಿದ್ದ ಹುಡುಗಿ ಕೈ ಬಿಡಲೇ ಇಲ್ವಂತೆ. ಕೋಲನ್ನ ಮುಂದಕ್ಕೆ ಒತ್ತಿ ಹಿಡಿದಿದ್ಲಂತೆ."

"ಹಾಗಾದ್ರೆ ಪುಸ್ತಕ ತಪ್ಪಾ?"

"ಅದಕ್ಕೇ ಹಳೇ ಅಪಘಾತಗಳನ್ನೆಲ್ಲ ಮತ್ತೆ ನೋಡ್ತಿದ್ದೀವಿ. ನಿಮ್ಮ ಯಜಮಾನ್ರ ಜೊತೆ ಇದ್ದವನು ಕೈ ಬಿಟ್ಟಿದ್ನೋ ಇಲ್ವೋ ಗೊತ್ತಾಗಬೇಕು. ಬಿಟ್ಟೂ ಬಿದ್ದಿದ್ರೆ ಪುಸ್ತಕ ತಿದ್ದಬೇಕಾಗುತ್ತೆ. ಹಳೇ ಟೇಪಿನ ಗದ್ದಲ ಈಗ ತೆಗೆಸಿದ್ದೀವಿ. ಇಬ್ಬರ ದನೀನೂ ಬಲ್ಲೋರು ನೀವೊಬ್ರೇ."

ಹೆಡ್‌ಫೋನ್ ಹಾಕಿಕೊಂಡೆ. ಮೊದಲು ಇಂಜಿನ್ನಿನ ಸದ್ದು. ಆಮೇಲೆ ಅವರು. "ಕೈ ಬಿಡು. ಕೈ ಬಿಡು, ಮರಿ." ಕೂಗಿರಲಿಲ್ಲ. ಮನೆಯಲ್ಲಿ ಮಾತಾಡುತ್ತಿದ್ದ ದನಿಯೇ.

ಅದರ ಹಿಂದೆಯೇ ಅವನು. "ಬಿಟ್ಟೆ ಸರ್."

ಇನ್ನೊಮ್ಮೆ ಹಾಕಿಸಿದೆ, ಮತ್ತೊಮ್ಮೆ ಹಾಕಿಸಿದೆ. ನಾನು ಚಿಕ್ಕ ಮಕ್ಕಳಿಗೆ ಅಕ್ಷರ ಕಲಿಸಿ ನಿವೃತ್ತಳಾದವಳು. ತುಟಿ ಕೂಡದೆ 'ಬ' ಬರುವುದಿಲ್ಲ. ಇಲ್ಲಿ ತುಟಿ ಕೂಡಿತ್ತು. ದನಿಯಲ್ಲಿ ಹೆದರಿಕೆಯೂ ಇರಲಿಲ್ಲ. ಬರೆಯಲು ಕೊಟ್ಟದ್ದನ್ನು ಬರೆದು ಮುಗಿಸಿ ಹೇಳುವ ಹಾಗಿತ್ತು.

'ಕೆಟ್ಟೆ' ಎಂದುಬಿಟ್ಟರೆ ನನ್ನ ಮನೆ ಇದ್ದ ಹಾಗೇ ಇರುತ್ತಿತ್ತು. 'ಬಿಟ್ಟೆ' ಎಂದರೆ ಆ ಹುಡುಗ ಸತ್ತದ್ದು ನನ್ನ ಗಂಡನ ಮಾತು ಕೇಳಿ. ಹಿಂದಿನ ಸೀಟಿನಲ್ಲೂ ಒಂದು ಕೋಲಿರುತ್ತದೆ. ಪುಸ್ತಕ ನಂಬಿದ ನನ್ನ ಪುಣ್ಯಾತ್ಮ ಅದನ್ನೂ ಬಿಟ್ಟು ಕೂತಿದ್ದಿರಬೇಕು. ನನಗೆ ಸುಳ್ಳು ಹೇಳಬೇಕು ಅನ್ನಿಸಿತು, ಬಹಳ ಅನ್ನಿಸಿತು. ಅಷ್ಟರಲ್ಲಿ ಕಿಟಕಿಯಾಚೆ ಒಂದು ಬಾತುಕೋಳಿ ಮೇಲೇರಿತು. ಅದರ ಮುಂದಿನ ಸೀಟಿನಲ್ಲಿ ಯಾರದೋ ಮಗು ಕೂತಿತ್ತು, ಅದಕ್ಕೂ ಅದೇ ಪುಸ್ತಕ.

"ಬಿಟ್ಟೆ ಅಂದಿದ್ದಾನೆ," ಎಂದೆ. "ಅದು ಅವನದೇ ದನಿ. ಹೆದರಿಲ್ಲ, ಹೇಳಿದ್ದನ್ನ ಮಾಡಿದ್ದಾನೆ. ಬರ್ಕೊಳ್ಳಪ್ಪ."

ಅವನು ಬರೆದುಕೊಂಡ. "ಅವನ ತಾಯಿಗೆ ನಾವು ಒಂದು ಪತ್ರ ಕಳಿಸ್ತೀವಿ."

"ಪತ್ರ ಗಿತ್ರ ಏನೂ ಬೇಡ. ನಾನೇ ಹೋಗ್ತೀನಿ."

ಅಂಗಡಿ ಚಿಕ್ಕದು. ಹೊಲಿಗೆ ಯಂತ್ರದ ಮುಂದೆ ಕೂತು ಅವರು ಯಾರದೋ ಪ್ಯಾಂಟಿನ ಅಂಚು ಮಡಿಸುತ್ತಿದ್ದರು. ನನ್ನನ್ನು ಕಂಡು ಕಾಲು ನಿಲ್ಲಿಸಿದರು. ಕೂತುಕೊಳ್ಳಿ ಎಂದರು, ನಾನು ಕೂರಲಿಲ್ಲ. ಕೂತರೆ ಬಾಯಿ ಬರುವುದಿಲ್ಲ ಎಂದು ನಿಂತೇ ಎಲ್ಲವನ್ನೂ ಹೇಳಿದೆ.

"ನಿಮ್ಮ ಮಗ ಹೆದರಿರಲಿಲ್ಲ. ಕೋಲನ್ನ ಒತ್ತಿ ಹಿಡಿದಿದ್ರೆ ಇಬ್ಬರೂ ಉಳೀತಿದ್ರೋ ಏನೋ. ನಮ್ಮವರು ಬಿಡು ಅಂದ್ರು, ಅವನು ಬಿಟ್ಟ. ತಪ್ಪು ಅವನದಲ್ಲ. ಇಷ್ಟು ವರ್ಷ ನಾನು ಅವನನ್ನ ಸುಮ್ಮನೆ ಶಪಿಸ್ದೆ."

ಬೈಯಲಿ ಎಂದೇ ಕಾದೆ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಅವರು ಕನ್ನಡಕ ತೆಗೆದು ಕೈಯಲ್ಲಿದ್ದ ಬಟ್ಟೆಯಿಂದಲೇ ಒರೆಸಿದರು.

"ನಾನೂ ಬೈದಿದೀನಿ ಬಿಡಿ. ಸರ್ ಹೇಳಿದ್ದನ್ನ ಕೇಳೋಕೆ ನಿಂಗೇನಾಗಿತ್ತೋ ಅಂತ ದಿನಾ ಅವನ ಫೋಟೋ ಮುಂದೆ ನಿಂತು ಬೈದಿದೀನಿ," ಎಂದರು. "ಹುಟ್ಟಿದಾಗಿಂದ ಯಾರ ಮಾತೂ ಕೇಳಿದೋನಲ್ಲ ಅವನು. ಉಣ್ಣು ಅಂದ್ರೆ ಇಲ್ಲ. ಮಲಕ್ಕೋ ಅಂದ್ರೆ ಇಲ್ಲ. ಈ ವಿಮಾನದ ಸಹವಾಸ ಬೇಡ ಅಂತ ಕಾಲು ಹಿಡ್ಕೊಂಡೆ, ಅದನ್ನೂ ಕೇಳಲಿಲ್ಲ."

ಕನ್ನಡಕವನ್ನು ಹಾಕಿಕೊಳ್ಳಲು ಹೋಗಿ ಮತ್ತೆ ಮಡಿಲಲ್ಲೇ ಇಟ್ಟುಕೊಂಡರು.

"ಅವತ್ತೊಂದು ದಿನಾನೂ ಕೇಳದೇ ಇದ್ದಿದ್ರೆ ಆಗ್ತಿತ್ತಲ್ಲಮ್ಮ."