ಮಿಸೆಸ್ ಹಾಗ್ಬೆನ್ ಸತ್ತ ದಿನ

ಮಿಸ್ ಲವೆಲ್ ಬರೆದ ಹನ್ನೊಂದು ಪತ್ತೇದಾರಿ ಕಾದಂಬರಿಗಳಲ್ಲೂ ಕೊಲೆಗಾರನನ್ನು ಹಿಡಿಯುವುದು ಅಡುಗೆಯವಳು ಮಿಸೆಸ್ ಹಾಗ್ಬೆನ್. ಆ ಹಾಗ್ಬೆನ್ ಯಾರೆಂದು ಇಂಗ್ಲೆಂಡಿನ ನಮ್ಮ ಸಫಕ್ ಸೀಮೆಯಲ್ಲಿ ಯಾರನ್ನು ಬೇಕಾದರೂ ಕೇಳಿ, ನನ್ನ ಕಡೆಗೇ ಬೆರಳು ತೋರಿಸುತ್ತಾರೆ. ಮಿಸ್ ಲವೆಲ್ ಮನೆಯ ಒಲೆ ಮುಂದೆ ಇಪ್ಪತ್ತು ವರ್ಷ ಬೆಂದವಳು ನಾನು, ಡಾರ್ಕಸ್ ಟಿಬಟ್. ಕಥೆಯಲ್ಲೊಂದು ಹೆಣ ಬೀಳಿಸಿ ಮುಂದೇನೂ ತೋಚದೆ ಹೋದಾಗಲೆಲ್ಲ ಅವರು ಅಡುಗೆಮನೆಗೇ ಬಂದು ಕೂರುತ್ತಿದ್ದರು.

ಒಂದು ಕಾದಂಬರಿಯ ಸುಳಿವಂತೂ ಪೂರ್ತಿ ನನ್ನದೇ. ನಮ್ಮ ಕಡೆ ಸಾವಾದ ಮನೆಯಲ್ಲಿ ಕಿಟಕಿ ಪರದೆಗಳನ್ನೆಲ್ಲ ಇಳಿಬಿಡಬೇಕಲ್ಲ? ಯಜಮಾನ ಸತ್ತದ್ದು ಯಾರಿಗೂ ಗೊತ್ತಾಗುವ ಮೊದಲೇ ಅವನ ತಂಗಿ ಅಭ್ಯಾಸಬಲದಿಂದ ಪರದೆ ಇಳಿಸಿ ಸಿಕ್ಕಿಬೀಳುತ್ತಾಳೆ.

ಅದು ಸಿನಿಮಾ ಆಯಿತು. ಊರಿಗೆಲ್ಲ ಡಂಗುರ ಸಾರಿ, ಬುಧವಾರ ಮಧ್ಯಾಹ್ನ ಚರ್ಚಿನ ಹ್ಯಾಟ್ ಹಾಕಿಕೊಂಡು ಮಿಸ್ ಲವೆಲ್ ಪಕ್ಕದಲ್ಲಿ ಹೋಗಿ ಕೂತೆ. ಅಯ್ಯೋ ದೇವರೇ! ಪತ್ತೇದಾರ ಒಬ್ಬ ಚಿಗುರುಮೀಸೆಯ ಪೋರ. ಅಡುಗೆಯವಳು ಒಂದೇ ಸಲ ಬಂದು, ಟೀ ತಟ್ಟೆ ಇಟ್ಟು, ಕಿಟಾರನೆ ಕಿರುಚಿ ಹೋದಳು. ಕೊಲೆಯಾದ ಮನೆ ತುಂಬ ಬಿಸಿಲೋ ಬಿಸಿಲು.

"ಹೆಣ ಮನೇಲಿಟ್ಕೊಂಡು ಪರದೆ ಎತ್ತಿದಾರಲ್ಲೇ, ನಾಚಿಕೆಗೆಟ್ಟೋರು!" ಎಂದು ಹಿಂದಿನಿಂದ ಬೇಕರಿಯ ಎಡ್ನಾ ಕೂಗಿದಳು. ಹೊರಗೆ ಬಂದಾಗ ನನ್ನ ಹ್ಯಾಟ್ ನೋಡಿ, "ಡಾರ್ಕಸ್, ಟೀ ಬಹಳ ಚೆನ್ನಾಗಿ ತಂದಿಟ್ಟೆ ಕಣೇ" ಅಂದಳು.

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮಾರನೆಯ ದಿನವೇ ಸಿನಿಮಾ ತೆಗೆದ ಮಿಸ್ಟರ್ ಡೆನ್‌ಹ್ಯಾಮ್ ಇನ್ನೊಂದು ಕಾದಂಬರಿಯ ಕರಾರಿಗೆ ಸಹಿ ಹಾಕಿಸಿಕೊಳ್ಳಲು ಬರುವವನಿದ್ದ. ಇನ್ನು ಜನ್ಮವೆಲ್ಲ ನಾನು ಟೀ ತಟ್ಟೆ ಹೊರುವವಳೇ ಎಂದು ಅತ್ತುಬಿಟ್ಟೆ.

ಬೆಳಿಗ್ಗೆ ಹಾಲು ತೆಗೆದುಕೊಂಡು ತಿರುಗಿ ನೋಡಿದರೆ, ನಮ್ಮ ಮನೆಯ ಪರದೆಗಳೆಲ್ಲ ಇಳಿದಿವೆ! ಇರುವವರೇ ಇಬ್ಬರು, ನಾನಂತೂ ಸತ್ತಿಲ್ಲ. ಮೆಟ್ಟಿಲು ಹತ್ತಿ ಓಡಿದೆ. ಮಿಸ್ ಲವೆಲ್ ಕಪ್ಪು ಉಡುಪು ತೊಟ್ಟು ಕತ್ತಲಲ್ಲಿ ಬಿಸ್ಕತ್ತು ತಿನ್ನುತ್ತಿದ್ದರು.

"ಅಮ್ಮಾವ್ರೇ! ಯಾರು ಹೋದ್ರು?"

"ಮಿಸೆಸ್ ಹಾಗ್ಬೆನ್. ನಿನ್ನೆ ಮಧ್ಯಾಹ್ನ, ಎಲ್ಲರ ಕಣ್ಣೆದುರಿಗೇ. ನೀನೂ ನೋಡಿದ್ಯಲ್ಲ."

ಹತ್ತು ಗಂಟೆಗೆ ಡೆನ್‌ಹ್ಯಾಮ್ ಬಂದ. ಕಿಟಕಿ ಕಂಡದ್ದೇ ತಡ, ಹ್ಯಾಟ್ ತೆಗೆದು, ಸಿಗರೇಟು ಹೊಸಕಿ, ಕಾಲ್ತುದಿಯಲ್ಲಿ ಒಳಗೆ ಬಂದ. "ಛೆ ಛೆ, ಯಾರು ತೀರ್ಕೊಂಡ್ರು?" ಎಂದು ಪಿಸುಗುಟ್ಟಿದ.

"ಪರದೆ ಇಳಿದ್ರೆ ಸಾವು ಅಂತ ನಿಮ್ಗೂ ಗೊತ್ತು ಹಾಗಾದ್ರೆ," ಅಂದರು ಮಿಸ್ ಲವೆಲ್.

ಅವನ ಕಿವಿ ಕೆಂಪಾಯಿತು. "ಕ್ಯಾಮೆರಾಗೆ ಬೆಳಕು ಬೇಕಿತ್ತು ಮೇಡಂ. ಅಲ್ದೆ ಅಡುಗೆಯವಳು ಕೊಲೆಗಾರನ್ನ ಹಿಡಿದ್ರೆ ಜನ ನೋಡ್ತಾರಾ?"

ನನಗೆ ತಡೆಯಲಾಗಲಿಲ್ಲ. "ಬುಧವಾರ ನಮ್ಮಂಥ ಅಡುಗೆಯವರಿಗೆಲ್ಲ ಅರ್ಧ ದಿನ ರಜಾ ಕಣ್ರೀ! ನಿಮ್ಮ ಥಿಯೇಟರ್ ತುಂಬಿಸೋದು ಇನ್ಯಾರು ಅನ್ಕೊಂಡ್ರಿ?"

ಅವನು ಕರಾರಿನ ಕಾಗದ ಓದಲೆಂದು ಪರದೆ ಎತ್ತಲು ಹೋದ. ಅಡ್ಡ ನಿಂತೆ. "ಮೊದ್ಲು ಬರೀರಿ."

ಕೊಲೆಗಾರನನ್ನು ಹಿಡಿಯುವುದು ಮಿಸೆಸ್ ಹಾಗ್ಬೆನ್ನೇ, ಬೇರೆ ಯಾರೂ ಅಲ್ಲ, ಎಂದು ಮಿಸ್ ಲವೆಲ್ ಹೇಳಿ ಬರೆಸಿದರು. ಅವನು ಆ ಕತ್ತಲಲ್ಲೇ ತಡಕಾಡಿ ಸೊಟ್ಟಸೊಟ್ಟಗೆ ಬರೆದ. ಸಹಿ ಹಾಕುವ ಮುಂಚೆ ಅವರು ಕಾಗದವನ್ನು ನನ್ನ ಕೈಗೆ ಕೊಟ್ಟು, "ಸರಿಯಾಗಿದ್ಯಾ ನೋಡಿ, ಮಿಸೆಸ್ ಹಾಗ್ಬೆನ್" ಅಂದರು. ಕಣ್ಣು ತುಂಬಿ ನನಗೆ ಒಂದಕ್ಷರವೂ ಕಾಣಲಿಲ್ಲ. ತಲೆಯಾಡಿಸಿ ಹೋಗಿ ಪರದೆ ಎತ್ತಿದೆ.

ಗೇಟಿನ ಬಳಿ ಎಡ್ನಾ ಸಂತಾಪಕ್ಕೆಂದು ಕೇಕ್ ಹಿಡಿದು ನಿಂತಿದ್ದಳು. "ಯಾರೇ ಹೋಗಿದ್ದು?"

"ಹೋಗಿದ್ಲು ಕಣೇ, ಎದ್ದು ಕೂತ್ಲು. ಕೊಡು ಇಲ್ಲಿ ಕೇಕು!"