ಕೆಂಪು ದೀಪ

"ಒಂಬತ್ನೇ ಕ್ಲಾಸೂ ದಾಟ್ದಿರೋ ನಿನ್ನ ಕಂಪ್ಯೂಟರ್ ಮುಂದೆ ಕೂರ್ಸಿದ್ದು ನನ್ ತಪ್ಪು ಕಣ್ಲಾ. ಎಮ್ಮೆ ಹಿಂದೆ ನಿಲ್ಲಿಸಿದ್ರೆ ಸಗಣಿನಾದ್ರೂ ಬಾಚ್ತಿದ್ದೆ!"

ಬೆಸಗರಹಳ್ಳಿಯ ಖಾಸಗಿ ಡೇರಿಯ ಮುಂದೆ ಕ್ಯಾನು ಹಿಡಿದು ನಿಂತಿದ್ದವರೆಲ್ಲ ನಕ್ಕರು. ಮ್ಯಾನೇಜರ್ ಪ್ರೀತಂ ಬೈದದ್ದು ಹಿಂದಿನ ದಿನದ ಗಲಾಟೆಗೆ. ಒಂದು ಸೆಟ್ಟಿಂಗ್ ಬದಲಿಸಲು ಸಿದ್ದೇಶ ಹಾಲು ಪರೀಕ್ಷಿಸುವ ಯಂತ್ರವನ್ನು ನಡೆಸುವ ಸರ್ವರನ್ನೇ ನಿಲ್ಲಿಸಿದ್ದ; ಅದು ಮತ್ತೆ ಏಳುವಷ್ಟರಲ್ಲಿ ಬಿಸಿಲಿಗೆ ನಾಕಾರು ಮಂದಿಯ ಹಾಲು ಕೆಟ್ಟಿತ್ತು.

"ಕಲೀತನೆ ಬುಡಪ್ಪಾ, ಬೆಳೆಯೋ ಐದ" ಎಂದವಳು ಚಿಕ್ಕಬೋರಮ್ಮ ಒಬ್ಬಳೇ. ಸಿದ್ದೇಶನ ಅವ್ವ ಆಸ್ಪತ್ರೆ ಸೇರಿದ್ದಾಗ ಅವನಿಗೆ ಉಣ್ಣಲಿಕ್ಕಿದ್ದ ಪಕ್ಕದ ಮನೆಯವಳು.

ಸಿದ್ದೇಶ ಹಲ್ಲು ಕಚ್ಚಿಕೊಂಡು ಒಳಗೆ ಹೋದ. ಅವನು ಆಗಲೇ ಕಲಿತಿದ್ದ. ಸೆಟ್ಟಿಂಗ್ ಫೈಲನ್ನು ತಿದ್ದಿ, ಮತ್ತೆ ಓದಿಕೋ ಎಂದು ಸರ್ವರಿಗೆ ಒಂದು ಸೂಚನೆ ಕೊಟ್ಟರೆ ಸಾಕು, ನಿಲ್ಲಿಸಬೇಕಿಲ್ಲ.

ಪ್ರೀತಂ ಹಿಂದೆಯೇ ಬಂದು ಬಾಗಿಲು ಮುಂದೆ ಮಾಡಿದ. "ಟ್ಯಾಂಕ್ ತುಂಬ್ತಾ ಅದೆ. ಹಾಲಲ್ಲಿ ಜಿಡ್ಡು ಮೂರೂವರೆ ಅಲ್ಲ, ನಾಕಿದ್ರೆ ಮಾತ್ರ ತಗೊಳೋ ಅಂಗೆ ಮಾಡು. ಸರ್ವರ್ ನಿಲ್ಲಿಸಂಗಿಲ್ಲ."

ಸರ್ವರ್ ಹೊಸದಾಗಿ ಶುರುವಾದಾಗಲೆಲ್ಲ ಎಷ್ಟು ಜಿಡ್ಡು ಬೇಕೆಂಬುದು ಹೊರಗಿನ ಪರದೆಯ ಮೇಲೆ ದೊಡ್ಡದಾಗಿ ಬರುತ್ತಿತ್ತು. ಓದು ಬಂದವರು ಬಾರದವರಿಗೆ ಕೂಗಿ ಹೇಳುತ್ತಿದ್ದರು. ತಮ್ಮ ಹಾಲು ಅಷ್ಟು ತೂಗದು ಎನಿಸಿದವರು ಪರೀಕ್ಷೆಗೇ ನಿಲ್ಲದೆ ಮದ್ದೂರಿನ ಹೋಟೆಲಿಗೆ ಮಾರಲು ಬಸ್ಸು ಹತ್ತುತ್ತಿದ್ದರು. ಇದೆಲ್ಲ ಸಿದ್ದೇಶನಿಗೆ ಗೊತ್ತಿತ್ತು. ಆದರೆ ಆ ನಗು ಇನ್ನೂ ಕಿವಿಯಲ್ಲಿ ಕುದಿಯುತ್ತಿತ್ತು. ನೋಡ್ಲಿ ಮಕ್ಳು, ಎಂದುಕೊಂಡು ಅಂಕಿ ತಿದ್ದಿ, ಮತ್ತೆ ಓದಿಕೋ ಎಂದು ಸೂಚನೆ ಕೊಟ್ಟ. ಸರ್ವರ್ ನಿಲ್ಲದ್ದರಿಂದ ಹೊರಗಿನ ಪರದೆ ಮಿಣುಕಲೂ ಇಲ್ಲ.

"ಭಲೇ, ಒಬ್ರಿಗೂ ಗೊತ್ತಾಗ್ಲಿಲ್ವಲ್ಲೋ!" ಪ್ರೀತಂ ಬೆನ್ನು ತಟ್ಟಿದ. ಆ ಕೈಯ ಬಿಸಿ ಸಿದ್ದೇಶನಿಗೆ ಹಿತವಾಗಿತ್ತು.

ಹೊರಗೆ ಗದ್ದಲವೆದ್ದಿತು. ಚಿಕ್ಕಬೋರಮ್ಮನ ಹಾಲಿಗೆ ಜಿಡ್ಡು ಸಾಲದೆಂದು ಯಂತ್ರ ಕೆಂಪು ದೀಪ ತೋರಿಸಿತ್ತು.

"ಓಗೋ ವಯಸ್ನಲ್ಲಿ ಆಲಿಗೆ ನೀರಾಕ್ತೀಯಲ್ಲಮ್ಮೋ!" ಸಾಲಿನಲ್ಲಿದ್ದ ಅಂಕಯ್ಯ ಕೂಗಿದ. ಮತ್ತೆ ಎಲ್ಲರೂ ನಕ್ಕರು.

"ನನ್ ಮಕ್ಕಳಾಣೆ, ಒಂದ್ ತೊಟ್ಟು ಆಕಿಲ್ಲ." ಬಾಗಿಲಿಗೆ ಬಂದ ಸಿದ್ದೇಶನನ್ನು ಕಂಡು ಅವಳ ಮುಖ ಅರಳಿತು. "ನೋಡು, ಬಂದ. ಅದೇ ಅಸ, ಅದೇ ಉಲ್ಲು ಕಣ್ಲಾ ಸಿದ್ದ. ನೆನ್ನೆಗಂಟ ಪಾಸಾಗ್ತಿತ್ತು. ನಾನು ನೀರಾಕಿಲ್ಲ ಅಂತ ನೀನೊಂದ್ ಮಾತು ಏಳ್ಲಾ ಇವ್ರಿಗೆ. ನೀನೇಳುದ್ರೆ ನಂಬ್ತರೆ."

ಬೆನ್ನ ಹಿಂದೆ ಪ್ರೀತಂ ಕೆಮ್ಮಿದ. ಚಿಕ್ಕಬೋರಮ್ಮ ಕ್ಯಾನಿನ ಮುಚ್ಚಳ ಹಿಡಿದು ಸಿದ್ದೇಶನ ಬಾಯನ್ನೇ ನೋಡುತ್ತಿದ್ದಳು.

ಸಿದ್ದೇಶ ಮೆಟ್ಟಿಲಿಳಿದ. ಅವಳ ಸೆರಗು ತಾಗುವಷ್ಟು ಹತ್ತಿರ ಹಾದು, ತಲೆ ಎತ್ತದೆ ನಾಲೆ ಏರಿಯ ಮೇಲೆ ನಡೆದ. ಎದುರಿಗೆ ಬಂದ ಕಬ್ಬಿನ ಗಾಡಿಯೇ ಅವನಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿಯಿತು.