ಪಕ್ಕದ ಮನೆಗೆ ಹೋದ ಸಾಲು

ತುಂಬಿದ ಮನೆಯಲ್ಲಿದ್ದೂ ದಿನಗಟ್ಟಲೆ ಯಾರ ಹತ್ತಿರವೂ ನಾಲ್ಕು ಮಾತಾಡದೆ ಬದುಕಬಹುದೇ ಎಂದು ಯಾರಾದರೂ ಕೇಳಿದರೆ, ಕನ್ನಡಕದಂಗಡಿಯ ಈ ಹೆಂಗಸನ್ನು ತೋರಿಸಿದರೆ ಸಾಕು. ಹಗಲೆಲ್ಲ ಅಂಗಡಿಯ ಹಿಂಬದಿ ಕೋಣೆಯಲ್ಲಿ ಗಾಜು ಉಜ್ಜುವ ಯಂತ್ರದ ಮುಂದೆ ಅವಳ ಕೆಲಸ. ಗಿರಾಕಿಗಳು ಮುಂದಿನ ಕೋಣೆಗೆ ಬಂದು ಹಾಗೇ ಹೋಗುತ್ತಾರೆ, ಇವಳ ಹತ್ತಿರ ಬರುವುದು ಅವರ ಕಣ್ಣಿನ ನಂಬರು ಮಾತ್ರ. ಸಂಜೆಯಾದರೆ ತಮ್ಮನ ಮನೆಯ ಮಹಡಿ ಕೋಣೆ. ತಮ್ಮ ಕೆಟ್ಟವನಲ್ಲ, ತಮ್ಮನ ಹೆಂಡತಿಯೂ ಕೆಟ್ಟವಳಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. "ಅಕ್ಕಾ, ಊಟ ಮುಚ್ಚಿಟ್ಟಿದೀನಿ" ಎಂದು ಮೆಟ್ಟಿಲ ಬುಡದಿಂದ ಒಂದು ಕೂಗು ತಪ್ಪದೆ ಬರುತ್ತದೆ. ಅವರ ಮಗಳು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡೇ "ಹಾಯ್ ಅತ್ತೆ" ಎಂದು ದಾಟಿಕೊಂಡು ಹೋಗುತ್ತಾಳೆ. ಪ್ರೀತಿ ಇಲ್ಲ ಎಂದು ಯಾರು ಹೇಳಿದರು? ಆದರೆ ಮುಚ್ಚಿಟ್ಟ ತಟ್ಟೆಯ ಜೊತೆ ಎಷ್ಟು ದಿನ ಅಂತ ಮಾತಾಡುವುದು, ನೀವೇ ಹೇಳಿ.

ಅವಳ ಮಾತುಕತೆಯೆಲ್ಲ ಬೇರೆ ಕಡೆ ಇತ್ತು. ಪ್ರೋಗ್ರಾಂ ಬರೆಯುವವರು ಬಳಸುವ ಒಂದು ಪ್ರೋಗ್ರಾಂ ಇದೆ. ನೀವು ಏನೇ ಬರೆಯಿರಿ, ತಿದ್ದಿರಿ, ಅಳಿಸಿರಿ, ಎಲ್ಲವನ್ನೂ ಅದು ನೆನಪಿಟ್ಟುಕೊಳ್ಳುತ್ತದೆ. ಯಾವ ಸಾಲನ್ನು ಯಾರು ಬರೆದರು, ಯಾವಾಗ ಬದಲಾಯಿಸಿದರು ಎಂದು ಕೇಳಿದರೆ ಹೇಳುತ್ತದೆ. ಅದಕ್ಕೆ ಒಡೆಯರಿಲ್ಲ, ಸಂಬಳವಿಲ್ಲ. ಎಲ್ಲೆಲ್ಲಿಯದೋ ಜನ ಪುಕ್ಕಟೆಯಾಗಿ ತಿದ್ದುತ್ತಾ, ಇಮೇಲಿನಲ್ಲಿ ಕಿತ್ತಾಡುತ್ತಾ ಅದನ್ನು ನಡೆಸಿಕೊಂಡು ಬಂದಿದ್ದಾರೆ. ಪ್ರೋಗ್ರಾಂ ಬರೆಯುವುದನ್ನು ತಾನಾಗಿಯೇ ಕಲಿತಿದ್ದ ಇವಳು, ಗಾಜಿನ ಯಂತ್ರದ ಲೆಕ್ಕಾಚಾರಗಳನ್ನು ಕಾಪಾಡಿಕೊಳ್ಳಲು ಅದನ್ನು ಬಳಸುತ್ತಿದ್ದಳು. ಒಂದು ದಿನ ಅದರಲ್ಲೊಂದು ಕೊರತೆ ಕಂಡಿತು. ಒಂದು ಕಡತದ ಸಾಲನ್ನು ಎತ್ತಿ ಇನ್ನೊಂದಕ್ಕೆ ಹಾಕಿದರೆ, ಬರೆದವರ ಹೆಸರು ಹೋಗಿ ಎತ್ತಿಟ್ಟವರ ಹೆಸರು ಬಂದು ಕೂರುತ್ತಿತ್ತು. ಇದೆಂಥ ಅನ್ಯಾಯ ಎನಿಸಿ, ಸರಿಮಾಡಿ ಕಳಿಸಿದಳು. ಆ ಬಳಗದಲ್ಲಿ ಅವಳ ಅಡ್ಡಹೆಸರು ಗುಬ್ಬಿ.

ಅವಳು ಕಳಿಸಿದ್ದನ್ನು ನೋಡಿದವರು ಕತ್ತರಿ. ಇದೂ ಅಡ್ಡಹೆಸರೇ. ಆ ಬಳಗದಲ್ಲಿ ಯಾರೇ ಏನೇ ಕಳಿಸಲಿ, "ಇದರಲ್ಲಿ ಎರಡು ಕೆಲಸ ಇದೆ, ಕತ್ತರಿಸಿ" ಎನ್ನುವ ಹಿರಿಯರು ಅವರು. ಅಲ್ಲಿನ ಪದ್ಧತಿಯೇ ಹಾಗೆ. ತಿದ್ದುಪಡಿಗೆ ಅವರು ತೇಪೆ ಎನ್ನುತ್ತಾರೆ. ಒಂದು ತೇಪೆಯಲ್ಲಿ ಒಂದೇ ಬದಲಾವಣೆ ಇರಬೇಕು, ಪ್ರತಿಯೊಂದು ತೇಪೆ ಬಿದ್ದ ಮೇಲೂ ಪ್ರೋಗ್ರಾಂ ನೆಟ್ಟಗೆ ಓಡಬೇಕು. ದೊಡ್ಡ ಕೆಲಸವೆಂದರೆ ಇಂಥ ಪುಟ್ಟ ತೇಪೆಗಳ ಸರಣಿ. ಹಿರಿಯರೊಬ್ಬರು ಓದಿ ಒಪ್ಪಿದರೆ, ಅಡಿಯಲ್ಲಿ "ನೋಡಿದವರು" ಎಂದು ಅವರ ಹೆಸರು ಬೀಳುತ್ತದೆ. ಒಪ್ಪಿದ ಮೇಲೆ ನೀವು ಏನಾದರೂ ಬದಲಾಯಿಸಿದಿರೋ, ಆ ಹೆಸರನ್ನು ನಿಮ್ಮ ಕೈಯಾರೆ ತೆಗೆಯಬೇಕು. ನೋಡದೇ ಇರುವುದನ್ನು ನೋಡಿದರು ಎಂದು ಹೇಳುವಂತಿಲ್ಲ.

ಗುಬ್ಬಿ ಕತ್ತರಿಸಿದಳು. ಸರಣಿಯನ್ನು ಎರಡನೇ ಸುತ್ತು ಕಳಿಸಿದಳು. ಅದರಲ್ಲಿ ನಿಜಕ್ಕೂ ಕೈತಪ್ಪಿನಿಂದ ಒಂದು ಸಾಲು ಓರಗೆಯವರ ಜೊತೆ ನಿಲ್ಲದೆ ಬಲಕ್ಕೆ ಒಂದಿಷ್ಟು ಜಾಗ ಬಿಟ್ಟು ನಿಂತಿತ್ತು. ಯಂತ್ರಕ್ಕೆ ಇದರಿಂದ ಏನೂ ಆಗುವುದಿಲ್ಲ, ಓದುವವರ ಕಣ್ಣಿಗೆ ಕಿರಿಕಿರಿ ಅಷ್ಟೇ. ಕತ್ತರಿ ಬರೆದರು:

"ಎಲ್ಲ ಸರಿ. ಆದ್ರೆ ಈ ಸಾಲು ಯಾಕೆ ಪಕ್ಕದ ಮನೆಗೆ ಹೋಗಿ ಕೂತಿದೆ? ಇಲ್ಲಿ ಯಾರಾದ್ರೂ ಬೈದ್ರಾ ಅದಕ್ಕೆ?"

ಗುಬ್ಬಿ ಮಹಡಿ ಕೋಣೆಯಲ್ಲಿ ಒಬ್ಬಳೇ ಕೂತು ಹೊಟ್ಟೆ ಹುಣ್ಣಾಗುವಂತೆ ನಕ್ಕಳು. ನಕ್ಕ ಮೇಲೆ ಗಾಬರಿಯಾಯಿತು. ತಾನು ಕೊನೆಯ ಸಲ ಸದ್ದು ಮಾಡಿ ನಕ್ಕದ್ದು ಯಾವಾಗ ಎಂದು ನೆನಪು ಮಾಡಿಕೊಳ್ಳಲು ಹೋದಳು, ಆಗಲಿಲ್ಲ.

ಆಮೇಲೆ ಅವಳು ಮಾಡಿದ್ದು ಮಾಡಬಾರದ ಕೆಲಸ. ಮೂರನೇ ಸುತ್ತಿನಲ್ಲಿ ಎಲ್ಲವನ್ನೂ ಅಚ್ಚುಕಟ್ಟಾಗಿ ತಿದ್ದಿ, ಕಳಿಸುವ ಮೊದಲು ಒಂದೇ ಒಂದು ಸಾಲನ್ನು ಬೇಕೆಂದೇ ಬಲಕ್ಕೆ ತಳ್ಳಿದಳು. "ಮತ್ತೆ ಪಕ್ಕದ ಮನೆ!" ಎಂದು ಉತ್ತರ ಬಂತು. ಜೊತೆಗೆ ಕೆಲಸದ ಬಗ್ಗೆ ಇನ್ನೊಂದು ಸಣ್ಣ ಆಕ್ಷೇಪ. ನಾಲ್ಕನೇ ಸುತ್ತಿನಲ್ಲಿ ಇನ್ನೊಂದು ಸಾಲು. "ಈ ಸಾಲಿಗೆ ಅಲ್ಲಿ ಊಟ ಚೆನ್ನಾಗಿ ಹಾಕ್ತಾರೆ ಅಂತ ಕಾಣತ್ತೆ." ಹೀಗೆ ಸುತ್ತುಗಳು ಬೆಳೆದವು. ಪ್ರತಿ ಸಲವೂ ಒಂದು ಓರೆ ಸಾಲು, ಒಂದು ತಮಾಷೆ, ಒಂದು ಆಕ್ಷೇಪ. ಅಂಗಡಿಯಲ್ಲಿ ಗಾಜು ಉಜ್ಜುತ್ತಾ ಈ ಸಲ ಯಾವ ಸಾಲನ್ನು ಕಳಿಸಲಿ ಎಂದು ಯೋಚಿಸುವುದೇ ಅವಳಿಗೆ ಹಬ್ಬ. ತನಗೆ ಹುಚ್ಚು ಹಿಡಿದಿದೆಯೋ ಏನೋ ಎಂದುಕೊಂಡು ಒಮ್ಮೊಮ್ಮೆ ನಾಲಗೆ ಕಚ್ಚಿಕೊಳ್ಳುತ್ತಿದ್ದಳು. ಆದರೂ ಬಿಡಲಿಲ್ಲ. ಬಿಟ್ಟರೆ ಸರಣಿ ಮುಗಿಯುತ್ತದೆ, ಮುಗಿದರೆ ಕತ್ತರಿ ಯಾಕೆ ಬರೆಯುತ್ತಾರೆ?

ಹೀಗಿರುವಾಗ ಒಂದು ಸುತ್ತಿಗೆ ಉತ್ತರ ಬರುವುದು ತಡವಾಯಿತು. ಅವಳು ದಾರಿ ಕಾದದ್ದೇ ಕಾದದ್ದು. ಕಡೆಗೂ ಬಂದಾಗ ಅದರಲ್ಲಿ ಇದ್ದದ್ದು ಇಷ್ಟು:

"ಸರಿಯಾಗಿದೆ. ನನ್ನ ಕಡೆಯಿಂದ ಆಯ್ತು. ಹೆಸರು ಹಾಕ್ಕೊಳ್ಳಿ."

ಪಕ್ಕದ ಮನೆಯ ಸುದ್ದಿಯೇ ಇಲ್ಲ. ಗುಬ್ಬಿ ತನ್ನ ತೇಪೆಯನ್ನು ತೆಗೆದು ನೋಡಿದಳು. ಓರೆ ಸಾಲು ಅಲ್ಲೇ ಇತ್ತು, ಎದ್ದು ಕಾಣುವಂತೆ. ಇಷ್ಟು ದಿನ ಒಂದು ಚುಕ್ಕೆಯನ್ನೂ ಬಿಡದ ಮನುಷ್ಯ ಇದನ್ನು ನೋಡಲಿಲ್ಲ ಎಂದರೆ ನಂಬುವ ಮಾತೇ? ನೋಡಿದ್ದಾರೆ, ಸಾಕಪ್ಪಾ ಇವಳ ಸಹವಾಸ ಎಂದು ಕೈ ತೊಳೆದುಕೊಂಡಿದ್ದಾರೆ. ಹಾಗೆಂದುಕೊಂಡಳು. ಅವಳಿಗೆ ಸಿಟ್ಟು ಬಂತು, ಸಿಟ್ಟಿನ ಹಿಂದೆಯೇ ಅಳು ಬಂತು. ಅಷ್ಟೇನಾ? ಇಷ್ಟು ಸುತ್ತು ತಿರುಗಿಸಿ, ನಗಿಸಿ, ಕಡೆಗೆ "ಆಯ್ತು" ಎಂದರೆ ಆಗಿಹೋಯಿತೇ? ಮುಖ ಊದಿಸಿಕೊಂಡು ಹಾಗೇ ಇದ್ದಳು. ಅವರ ಹೆಸರು ಹಾಕಿ ಕಳಿಸಿದಳು, ಆ ಸಾಲನ್ನು ಮಾತ್ರ ತಿದ್ದಲಿಲ್ಲ. ಹೇಳಿ ಕೇಳಿ ಕಣ್ಣಿನ ಕೆಲಸ ಮಾಡುವವಳು, ದಿನವೂ ಎಷ್ಟೋ ಜನರ ನಂಬರು ಏರುವುದನ್ನು ನೋಡುವವಳು. ಆದರೂ ಬೇರೊಂದು ಕಾರಣ ಇರಬಹುದು ಎಂದು ಅವಳ ತಲೆಗೆ ಹೋಗಲೇ ಇಲ್ಲ, ದುಃಖ ಬಂದಾಗ ಎಲ್ಲರದೂ ಇದೇ ಪಾಡು.

ಬಳಗದಲ್ಲಿ ಕೊನೆಯ ತೀರ್ಮಾನ ಹೇಳುವವರನ್ನು ಯಜಮಾನರು ಎನ್ನುತ್ತಿದ್ದರು. ಸರಣಿಯನ್ನು ಈ ವಾರ ಒಳಗೆ ಸೇರಿಸುತ್ತೇನೆ ಎಂದು ಅವರು ಬರೆದರು. ಅಷ್ಟರಲ್ಲಿ ಚುರುಕ ಎಂಬ ಅಡ್ಡಹೆಸರಿನವನೊಬ್ಬ ಬಂದ. ಹೊಸಬ, ಬುದ್ಧಿವಂತ, ಬಾಯಿಗೆ ಬೀಗವಿಲ್ಲ. ಬಂದು ಕುರ್ಚಿ ಇನ್ನೂ ಬಿಸಿಯಾಗಿಲ್ಲ, ಆಗಲೇ ಎಲ್ಲರ ಮುಂದೆ ಬರೆದ:

"ಕತ್ತರಿಯವ್ರೆ, ಈ ಓರೆ ಸಾಲು ನನಗೆ ಮಂಚದ ಮೇಲೆ ಮಲಗಿಕೊಂಡೇ ಕಾಣ್ತು. ನೋಡಿದವರು ಅಂತ ಹೆಸರು ಹಾಕೋ ಮೊದ್ಲು ನೋಡೋ ಅಭ್ಯಾಸ ಇದೆ ತಾನೇ? ಇವ್ರ ಹೆಸರಿದ್ರೆ ಸಾಕು ಅಂತ ಎಲ್ಲಾ ಒಳಗೆ ಬಿಟ್ಕೊಳ್ತಿದೀವಲ್ಲ, ಅದನ್ನ ನಿಲ್ಲಿಸ್ಬೇಕು."

ಒಬ್ಬ ಶುರುಮಾಡಿದರೆ ಹಿಂದೆ ನಿಂತು ತಲೆಯಾಡಿಸುವವರಿಗೆ ಬರವೇ? ಹೌದು, ಇತ್ತೀಚೆಗೆ ಅವರ ಉತ್ತರಗಳು ತಡವಾಗುತ್ತಿವೆ ಎಂದು ಒಬ್ಬರು ಬರೆದರು. ವಯಸ್ಸಾಯ್ತು, ವಿಶ್ರಾಂತಿ ತಗೊಳ್ಳಲಿ ಎಂದು ಇನ್ನೊಬ್ಬರು. ಆ ಮನುಷ್ಯ ಎಷ್ಟು ಜನರ ಕೈ ತಿದ್ದಿದ್ದರೋ, ಅವರಲ್ಲಿ ಒಬ್ಬರಾದರೂ ಬಾಯಿ ಬಿಡಬೇಡವೇ? ಕತ್ತರಿಯೂ ತುಟಿಪಿಟಕ್ಕೆನ್ನಲಿಲ್ಲ. ಹಾಗಿದ್ದರೆ ಮುಂದಿನಿಂದ ಅವರ ಒಪ್ಪಿಗೆಯ ಜೊತೆ ಇನ್ನೊಬ್ಬರದೂ ಬೇಕಾಗುತ್ತದೆ, ಯಾರಿಗಾದರೂ ಹೇಳುವುದಿದ್ದರೆ ಭಾನುವಾರದೊಳಗೆ ಹೇಳಿ ಎಂದು ಯಜಮಾನರು ಬರೆದರು.

ಗುಬ್ಬಿ ಅಂಗಡಿಯಲ್ಲಿ ಮೂರು ಗಾಜು ಹಾಳು ಮಾಡಿದಳು. ಮಾಲೀಕ ಬಂದು, "ಏನ್ರಿ ಮೇಡಂ, ಹುಷಾರಿಲ್ವಾ?" ಎಂದ.

"ಹುಷಾರಾಗೇ ಇದೀನಿ."

"ಮತ್ತೆ ಈ ಗಾಜೇನು ಹೀಗೆ?"

"ನನ್ನ ತಪ್ಪು," ಎಂದಳು. ಎಷ್ಟು ಸಲೀಸಾಗಿ ಬಂತು ಬಾಯಿಗೆ ಆ ಮಾತು! ಅದನ್ನೇ ಅಲ್ಲಿ ಹೇಳುವುದಕ್ಕೆ ಮಾತ್ರ ಕೈ ಏಳುತ್ತಿರಲಿಲ್ಲ. ಲೋಕವೆಲ್ಲ ನಂಬಿಕೊಂಡಿರುವ ಪ್ರೋಗ್ರಾಮಿಗೆ ಬೇಕೆಂದೇ ತಪ್ಪು ಸೇರಿಸಿದೆ ಎಂದು ಹೇಳಿದರೆ, ಅದು ಎಷ್ಟೇ ಸಣ್ಣದಿರಲಿ, ಆ ಬಳಗದಲ್ಲಿ ಮತ್ತೆ ಅವಳ ಕೈಯಿಂದ ಯಾರು ಏನು ತೆಗೆದುಕೊಳ್ಳುತ್ತಾರೆ? ಇದ್ದದ್ದೊಂದು ಬಾಗಿಲು ಮುಚ್ಚುತ್ತದೆ. ಹೇಳದಿದ್ದರೆ ಕತ್ತರಿಯ ಮಾನ ಹೋಗುತ್ತದೆ. ಅದೂ ಯಾರಿಂದ? ಅವರು ಬರೆಯಲಿ ಎಂದು ಬಾಯಿಬಿಟ್ಟು ಕಾದವಳಿಂದ.

ಶನಿವಾರ ಮಧ್ಯಾಹ್ನ ಅಂಗಡಿಯಿಂದ ಬೇಗ ಬಂದು ಕೂತಳು. ಆ ಸಾಲನ್ನು ಎಳೆದು ತಂದು ಅದರ ಜಾಗದಲ್ಲಿ ನಿಲ್ಲಿಸಿದಳು. ಬದಲಾವಣೆಯಾಯಿತಲ್ಲ, ಪದ್ಧತಿಯಂತೆ ಅಡಿಯಲ್ಲಿದ್ದ ಕತ್ತರಿಯ ಹೆಸರನ್ನು ತೆಗೆಯಬೇಕಿತ್ತು. ಅದನ್ನು ಅಳಿಸಿದಳು. ಆಮೇಲೆ ಎಲ್ಲರಿಗೂ ಕಾಣುವಂತೆ ಬರೆದಳು:

"ಆ ಸಾಲನ್ನ ಓರೆ ಮಾಡಿದ್ದು ನಾನು. ಕೈತಪ್ಪಲ್ಲ, ಬೇಕಂತ್ಲೇ. ಹಿಂದಿನ ಸುತ್ತುಗಳಲ್ಲೂ ಅಷ್ಟೇ. ಅವ್ರು ಬೈಯ್ಲಿ, ತಮಾಷೆ ಮಾಡ್ಲಿ, ಏನಾದ್ರೂ ಬರೀಲಿ ಅಂತ. ನನಗೆ ಬರೆಯೋರು ಬೇರೆ ಯಾರೂ ಇಲ್ಲ. ಹಿಂದೆಲ್ಲಾ ಅವ್ರು ಹಿಡಿದಿದ್ರು, ಈ ಸಲ ನನ್ನ ಆಟ ಸಾಕಾಗಿ ಬಿಟ್ಟಿರ್ಬೇಕು. ಇದರಲ್ಲಿ ಅವ್ರದ್ದೇನೂ ತಪ್ಪಿಲ್ಲ."

ಸಂಜೆಗೆ ಯಜಮಾನರ ಉತ್ತರ ಬಂತು. "ಹೇಳಿದ್ದು ಒಳ್ಳೇದಾಯ್ತು. ಕತ್ತರಿಯವರ ಒಪ್ಪಿಗೆ ಮೊದಲಿನ ಹಾಗೇ ನಡೆಯತ್ತೆ. ಆದ್ರೆ ಬೇಕೂಂತ ತಪ್ಪು ಇಟ್ಟವರಿಂದ ಸದ್ಯಕ್ಕೆ ನಾನು ಏನೂ ತಗೊಳ್ಳಲ್ಲ. ನಿಮ್ಮ ಸರಣೀನ ಬದಿಗಿಟ್ಟಿದೀನಿ." ಮನುಷ್ಯ ನ್ಯಾಯವಂತ, ದೂರುವ ಹಾಗಿರಲಿಲ್ಲ. ಗುಬ್ಬಿ ಕಂಪ್ಯೂಟರ್ ಮುಚ್ಚಿ, ಕೆಳಗೆ ಹೋಗಿ, ಮುಚ್ಚಿಟ್ಟ ತಟ್ಟೆ ತೆರೆದು ಉಂಡಳು. ಪಕ್ಕದ ಕೋಣೆಯಲ್ಲಿ ಟೀವಿ ಓಡುತ್ತಿತ್ತು. ಯಾಕೆ ಸಪ್ಪಗಿದ್ದೀಯ ಎಂದು ಯಾರೂ ಕೇಳಲಿಲ್ಲ, ಅವಳು ಯಾವತ್ತೂ ಹಾಗೇ ಇರುತ್ತಿದ್ದುದರಿಂದ ಅವರಿಗೆ ಗೊತ್ತಾಗುವುದಾದರೂ ಹೇಗೆ.

ಭಾನುವಾರ ಬೆಳಿಗ್ಗೆ ಕತ್ತರಿಯ ಪತ್ರ ಬಂದಿತ್ತು. ಬಳಗಕ್ಕಲ್ಲ, ಅವಳೊಬ್ಬಳಿಗೆ. ಹಾಗೆ ಅವರು ಬರೆದದ್ದು ಅದೇ ಮೊದಲು.

"ಗುಬ್ಬಿಯವ್ರೆ, ನನಗೆ ಮೂರನೇ ಸುತ್ತಲ್ಲೇ ಗೊತ್ತಾಗಿತ್ತು. ಅಷ್ಟು ನೀಟಾಗಿ ಬರೆಯೋ ಕೈಯಿಂದ ಅದೊಂದೇ ತಪ್ಪು ಮತ್ತೆ ಮತ್ತೆ ಹೇಗಾಗತ್ತೆ? ನಾನೇನು ಕಮ್ಮಿ ಕಳ್ಳನಲ್ಲ. ಒಂದೇ ಸಲ ಹೇಳಬಹುದಾದ ಆಕ್ಷೇಪಗಳನ್ನ ಮುಂದಿನ ಸುತ್ತಿಗಿರ್ಲಿ ಅಂತ ಒಂದೊಂದಾಗಿ ಎತ್ತಿಟ್ಕೊಳ್ತಿದ್ದೆ. ನಿಮ್ಮ ಕೆಲಸ ಆವತ್ತೇ ಮುಗಿದಿತ್ತು.

"ಕಣ್ಣು ಮಂಜಾಗ್ತಾ ಇತ್ತು, ಈಗ ಪೂರ್ತಿ ಹೋಗಿದೆ. ಯಾರಿಗೂ ಹೇಳಿಲ್ಲ. ಕಂಪ್ಯೂಟರೇ ಗಟ್ಟಿಯಾಗಿ ಓದಿ ಹೇಳತ್ತೆ, ನಾನು ಕೂತು ಕೇಳ್ತೀನಿ. ಒಂದಕ್ಷರ ಬಿಡದೆ ಓದತ್ತೆ, ಆದ್ರೆ ಖಾಲಿ ಜಾಗ ಓದಲ್ಲ. ಈ ಸಲದ ನಿಮ್ಮ ಸುತ್ತನ್ನ ಮತ್ತೆ ಮತ್ತೆ ಓದಿಸ್ದೆ. ಎಲ್ಲೂ ತಪ್ಪು ಕೇಳಿಸ್ಲಿಲ್ಲ. ಗುಬ್ಬಿಗೆ ನನ್ನ ಜೊತೆ ಮಾತು ಸಾಕಾಯ್ತು, ಎಲ್ಲಾ ಸರಿಮಾಡಿ ಕಳ್ಸಿದಾರೆ ಅಂದ್ಕೊಂಡೆ. ಆವತ್ತು ಊಟ ಸೇರಲಿಲ್ಲ. ಅದಕ್ಕೇ ಅಷ್ಟು ಚಿಕ್ಕದಾಗಿ ಬರೆದೆ."

ಗುಬ್ಬಿ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡಳು. ಆವತ್ತು ಅವಳು ಇಲ್ಲಿ ಅತ್ತಿದ್ದಳು, ಅವರು ಅಲ್ಲಿ ಉಪವಾಸ ಮಲಗಿದ್ದರು. ಒಬ್ಬರಿಗೊಬ್ಬರು ಒಂದು ಮಾತು ಕೇಳಿದ್ದರೆ ಗಂಟೇನು ಹೋಗುತ್ತಿತ್ತು?

ಉತ್ತರ ಬರೆಯಲು ಕೂತಳು. ಅಂಗಡಿ, ಮಹಡಿ ಕೋಣೆ, ತಮ್ಮ, ತಟ್ಟೆ, ವರ್ಷಗಟ್ಟಲೆ ಒಳಗಿದ್ದದ್ದೆಲ್ಲ ಒಟ್ಟಿಗೆ ನುಗ್ಗಿ ಬಂತು. ಪುಟಗಟ್ಟಲೆ ಬರೆದಳು. ಬರೆದು, ಓದಿ, "ಇದರಲ್ಲಿ ಎರಡು ಕೆಲಸ ಇದೆ" ಎಂದು ಅವರೇ ಹೇಳಿದ ಹಾಗಾಗಿ, ಎಲ್ಲವನ್ನೂ ಅಳಿಸಿದಳು. ಒಂದೇ ಸಾಲು ಉಳಿಸಿದಳು. ಅದು ಕಿವಿಗೆ ಹೇಗೆ ಕೇಳುತ್ತದೋ ಎಂದು ಗಟ್ಟಿಯಾಗಿ ಓದಿ ನೋಡಿದಳು.

"ನೀವು ಹೇಗಿದೀರಿ?"

ಸರಿ ಹೋಗಲಿಲ್ಲ ಎನಿಸಿ, ಇನ್ನೊಮ್ಮೆ ಓದಿದಳು. ಕೋಣೆಯಲ್ಲಿ ಅವಳ ದನಿ ಅವಳಿಗೇ ಹೊಸದಾಗಿತ್ತು. ಕೆಳಗಿನಿಂದ ತಮ್ಮನ ಹೆಂಡತಿ ಕೂಗಿದಳು:

"ಅಕ್ಕಾ, ಯಾರಾದ್ರೂ ಬಂದಿದಾರಾ? ಇನ್ನೊಂದು ತಟ್ಟೆ ಇಡ್ಲಾ?"

"ಇಲ್ಲಮ್ಮ, ನಾನೊಬ್ಬಳೇ ಇದೀನಿ," ಎಂದು ಗುಬ್ಬಿ ಮಹಡಿಯಿಂದಲೇ ಕೂಗಿ ಹೇಳಿದಳು. ಆಮೇಲೆ ಆ ಮಾತನ್ನೂ ಪತ್ರದ ಕೊನೆಗೆ ಸೇರಿಸಿ ಕಳಿಸಿದಳು.